ಡಿಪಿಐ ಬಿಡಿ, ಕೈಯ ಅಳತೆ ಹಿಡ್ಕೊಂಡು ಹೋಗಿ

ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಗೇಮಿಂಗ್ ಮೌಸ್ ಕೇಳಿದರೆ ಮೊದಲು ಬರುವ ಮಾತು ಡಿಪಿಐ, ಅಂದರೆ ಮೌಸ್ ಒಂದು ಇಂಚು ಸರಿದರೆ ಪಾಯಿಂಟರ್ ಎಷ್ಟು ಚುಕ್ಕೆ ಓಡುತ್ತದೆ ಎಂಬ ಲೆಕ್ಕ. ಆ ದೊಡ್ಡ ಅಂಕಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಶೂಟಿಂಗ್ ಗೇಮ್ ಚೆನ್ನಾಗಿ ಆಡುವವರಲ್ಲಿ ಹೆಚ್ಚಿನವರು ಇಟ್ಟುಕೊಳ್ಳುವುದು 400ರಿಂದ 1600ರೊಳಗೆ. ದುಡ್ಡು ಹೋಗಬೇಕಾದ್ದು ಆಕಾರ, ವಯರ್ ಮತ್ತು ಬಟನ್ ಕೆಳಗಿನ ಸ್ವಿಚ್‌ಗೆ.

ಅಲ್ಲಿಗೆ ಹತ್ತಿರದ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಲೋಕಲ್ ರೈಲು ಹತ್ತುವ ಮೊದಲು ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿವರೆಗೆ ಸ್ಕೇಲ್ ಇಟ್ಟು ಅಳೆಯಿರಿ. 17 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸಣ್ಣ ಮೌಸ್ ಸಾಕು, 20ರ ಹತ್ತಿರ ಇದ್ದರೆ ದೊಡ್ಡದೇ ಬೇಕು. ಝೋವಿ ಕಂಪನಿಯ ಇಸಿ ಸಾಲಿನ ಮೌಸ್‌ಗಳಲ್ಲಿ ಒಂದೇ ಬಗೆಯ ಆಕಾರ ಮೂರು ಅಳತೆಯಲ್ಲಿ ಸಿಗುತ್ತದೆ: ಇಸಿ1 ದೊಡ್ಡದು, ಇಸಿ2 ಮಧ್ಯಮ, ಇಸಿ3 ಸಣ್ಣದು. ರೇಜರ್ ಡೆತ್‌ಆಡರ್ ಎಸೆನ್ಷಿಯಲ್ ಸುಮಾರು 127 ಮಿ.ಮೀ. ಉದ್ದ, ಸಣ್ಣ ಕೈಯವರು ಬೆರಳು ಚಾಚಿ ಚಾಚಿ ಮಣಿಕಟ್ಟು ನೋಯಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಡಬ್ಬಿ ತೆರೆಸಿ, ಹಿಡಿದು ನೋಡಿ. ಹೆಬ್ಬೆರಳಿಗೆ ಬದಿಯ ಎರಡೂ ಬಟನ್ ಹಿಡಿತ ಸಡಿಲಿಸದೆ ಸಿಗಬೇಕು, ಕಿರುಬೆರಳು ಪ್ಯಾಡಿಗೆ ಉಜ್ಜಬಾರದು. ಎಡಗೈಯವರು ಈ ಬಲಗೈ ಆಕಾರದ ಗೊಡವೆಗೇ ಹೋಗಬೇಡಿ, ಎರಡೂ ಬದಿ ಒಂದೇ ತರಹ ಇರುವುದನ್ನು ಕೇಳಿ.

ವಯರ್ ಗಡುಸಾಗಿದ್ದರೆ ಮೇಜಿನ ಅಂಚಿಗೆ ತಾಗಿ ಮೌಸನ್ನೇ ಹಿಂದಕ್ಕೆ ದೂಡುತ್ತದೆ. ಶೂ ಲೇಸಿನಂತೆ ಮೆತ್ತಗಿರುವ, ನೂಲಿನ ಹೊದಿಕೆಯ ಪ್ಯಾರಾಕಾರ್ಡ್ ವಯರ್ ಒಳ್ಳೆಯದು. ವಯರ್ ಸಾಮಾನ್ಯವಾಗಿ ತುಂಡಾಗುವುದು ಮೌಸಿನೊಳಗೆ ಹೋಗುವ ಬುಡದಲ್ಲಿ, ಹಾಗಾಗಿ ಅಲ್ಲಿ ಒಂದು ಗೇಣು ಸಡಿಲ ಬಿಟ್ಟು ಬಂಜಿಗೆ, ಅಂದರೆ ವಯರನ್ನು ಮೇಜಿನಿಂದ ಎತ್ತಿ ಹಿಡಿಯುವ ಪುಟ್ಟ ಸ್ಟ್ಯಾಂಡಿಗೆ, ಸಿಕ್ಕಿಸಿ. ಮೌಸಿಗೇ ಬಿಗಿಯಾಗಿ ಸುತ್ತಿ ಬ್ಯಾಗಿಗೆ ತುರುಕುವ ಅಭ್ಯಾಸ ಬಿಡಿ.

ಇನ್ನು ಸ್ವಿಚ್. ಮುಂಬೈಯವರು ಹೆಚ್ಚು ಯೋಚಿಸಬೇಕಾದ್ದು ಇಲ್ಲೇ. ಒಮ್ಮೆ ಒತ್ತಿದರೆ ಎರಡು ಸಲ ಕ್ಲಿಕ್ ಆಗುವ ಕಾಯಿಲೆ ಮೆಕ್ಯಾನಿಕಲ್ ಸ್ವಿಚ್‌ನದು. ಒಳಗಿನ ತೆಳು ಲೋಹದ ಪಟ್ಟಿ ಸವೆದು, ಅದರ ತುದಿಗೆ ಕಿಲುಬು ಕಟ್ಟಿ, ಸಂಪರ್ಕ ಕೂಡಿ ಬಿಟ್ಟು ಅದುರುತ್ತದೆ. ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆಯ ತೇವ ಎರಡೂ ಕಿಲುಬಿಗೆ ಅನುಕೂಲ. ಆಪ್ಟಿಕಲ್ ಸ್ವಿಚ್‌ನಲ್ಲಿ ಕ್ಲಿಕ್ ಗುರುತಿಸುವುದು ಬೆಳಕಿನ ಕಿರಣ, ಲೋಹದ ಸಂಪರ್ಕವಲ್ಲ. ಹಾಗಾಗಿ ಈ ಕಾಟವಿಲ್ಲ. ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ. ಮೆಕ್ಯಾನಿಕಲ್ ಈಗಾಗಲೇ ಕೈಯಲ್ಲಿದ್ದರೆ ಎಸೆಯಬೇಡಿ, ಮೂರು ಕಾಲಿನ ಸ್ವಿಚ್ ಬಿಚ್ಚಿ ಹೊಸದನ್ನು ಬೆಸುಗೆ ಹಾಕಿಸಬಹುದು. ಸ್ಕ್ರೂಗಳು ಎಷ್ಟೋ ಸಲ ಅಡಿಯ ಟೆಫ್ಲಾನ್ ಪಟ್ಟಿಗಳ ಕೆಳಗಿರುತ್ತವೆ; ಕಿತ್ತ ಪಟ್ಟಿ ಮತ್ತೆ ಸರಿಯಾಗಿ ಅಂಟುವುದಿಲ್ಲ, ಹೊಸ ಜೋಡಿ ತಂದಿಟ್ಟುಕೊಂಡೇ ಬಿಚ್ಚಿಸಿ. ಆದರೆ ವಾರಂಟಿ ಇನ್ನೂ ಇದ್ದರೆ, ಬಿಚ್ಚುವ ಮುಂಚೆ ಖರೀದಿಯ ಬಿಲ್ ಹುಡುಕಿ.

ಮನೆಗೆ ತಂದ ಮೇಲೆ ಪೋಲಿಂಗ್ (ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತದೆ ಎಂಬುದು) 1000 ಹರ್ಟ್ಸ್‌ಗೆ ಇಡಿ, ವಿಂಡೋಸ್‌ನ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಟಿಕ್ ತೆಗೆಯಿರಿ. ಅದು ಇದ್ದರೆ ಕೈ ಸರಿಸಿದ ವೇಗಕ್ಕೆ ತಕ್ಕಂತೆ ಪಾಯಿಂಟರ್ ಹೋಗುವ ದೂರ ಬದಲಾಗುತ್ತದೆ, ಕೈಗೆ ಅಂದಾಜೇ ಕೂರುವುದಿಲ್ಲ.