ಒಂದೇ ಅಂಕಿ, ಎರಡು ಲೆಕ್ಕ
ಒಂದೇ ಮಾಹಿತಿಯಿಂದ ಜನ ಭಿನ್ನ ತೀರ್ಮಾನಕ್ಕೆ ಬರಲು ಪೂರ್ವಗ್ರಹವೇ ಕಾರಣವೆಂದು ಲೇಖನವೊಂದರಲ್ಲಿ ಲೇಖಕರೊಬ್ಬರು ಬರೆದಿದ್ದಾರೆ. ಕಾವೇರಿ ವಿವಾದವನ್ನು ಗಮನಿಸಿದರೆ ಈ ಮಾತು ಪೂರ್ತಿ ಸರಿಯೆನಿಸುವುದಿಲ್ಲ. ತಮಿಳುನಾಡಿನ ಮುಖಜಭೂಮಿಯಲ್ಲಿರುವ 20 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಅಂತರ್ಜಲವನ್ನು 2007ರಲ್ಲಿ ಕಾವೇರಿ ನ್ಯಾಯಮಂಡಳಿ ನದಿನೀರು ಹಂಚಿಕೆಯ ಲೆಕ್ಕಕ್ಕೆ ಹಿಡಿಯಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ 10 ಟಿಎಂಸಿಯನ್ನು ತಮಿಳುನಾಡಿಗೆ ಸಿಗುವ ನೀರೆಂದೇ ಪರಿಗಣಿಸಿ, ಅಷ್ಟು ನದಿನೀರನ್ನು ಕರ್ನಾಟಕಕ್ಕೆ ಕೊಟ್ಟು, ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿಯನ್ನೂ ಕೂಡಿಸಿ, ಕರ್ನಾಟಕದ ಪಾಲನ್ನು 270ರಿಂದ 284.75ಕ್ಕೆ ಏರಿಸಿತು. ಅಂತರ್ಜಲದ ಅಂಕಿ ಎರಡೂ ಕಡೆ ಒಂದೇ ಆಗಿತ್ತು, ಅದಕ್ಕೆ ಎಷ್ಟು ತೂಕ ಕೊಡಬೇಕೆಂಬ ನಿರ್ಣಯ ಬೇರೆಯಾಯಿತು. ಇದನ್ನು ಪೂರ್ವಗ್ರಹವೆನ್ನಲು ನನ್ನ ಮನಸ್ಸು ಒಪ್ಪದು. ಕನ್ನಂಬಾಡಿಯ ಮಟ್ಟ 100 ಅಡಿ ಎಂದು ಪತ್ರಿಕೆಯಲ್ಲಿ ಓದಿದಾಗ, ಕಬ್ಬು ಒಣಗುತ್ತಿರುವ ಮಂಡ್ಯದ ರೈತರಿಗೆ ಗರಿಷ್ಠ ಮಟ್ಟವಾದ 124.80 ಅಡಿಗೆ ಇರುವ ಕೊರತೆ ಕಾಣುತ್ತದೆ; ತಂಜಾವೂರಿನಲ್ಲಿ ಭತ್ತದ ಸಸಿಮಡಿ ಮಾಡಿಕೊಂಡು ಕಾದಿರುವವರಿಗೆ ಕಾಣುವುದು ಅಣೆಕಟ್ಟೆಯಲ್ಲಿ ಇನ್ನೂ ಉಳಿದಿರುವ ನೀರು.