ಕೃಷ್ಣೆಯಲ್ಲಿ ಟ್ಯೂಬ್ ಸವಾರಿ

ಜಮಖಂಡಿ ಸೀಮೆಯ ಹೊಳೆದಂಡೆಯ ಊರುಗಳಲ್ಲಿ ನೀರಿಗೆ ಇಳಿಯುವುದಕ್ಕೆ ಒಂದು ಕಾರಣ ಬೇಕು. ಬಟ್ಟೆ ಒಗೆಯುವವರು, ಎಮ್ಮೆಯ ಮೈ ತೊಳೆಯುವವರು, ಮೀನು ಹಿಡಿಯುವವರು ಇಳಿಯುತ್ತಾರೆ; ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ, ಈಚೆಗಾದರೆ ಖಾಲಿ ಎಣ್ಣೆಡಬ್ಬಿಯನ್ನೋ ಕಟ್ಟಿಕೊಂಡು ಈಸು ಕಲಿಯಲು ಇಳಿಯುತ್ತಾರೆ. ಏನೂ ಕೆಲಸವಿಲ್ಲದೆ ಅಂಗಾತ ಮಲಗಿ ನೀರು ಒಯ್ದತ್ತ ಹೋಗುವವನನ್ನು ಕಂಡರೆ, ದಂಡೆಯ ಮೇಲಿನವರು ಮೊದಲು ಅವನಿಗೆ ಉಸಿರಿದೆಯೇ ಎಂದು ನೋಡುತ್ತಾರೆ.

ಟೆಕ್ಸಾಸಿನಲ್ಲಿ ನೌಕರಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಇದು ಬಹಳ ಹಿಂದುಳಿದ ಪದ್ಧತಿಯಾಗಿ ಕಂಡಿತು. ಅಲ್ಲಿಯ ನ್ಯೂ ಬ್ರೌನ್‌ಫೆಲ್ಸ್ ಎಂಬ ಊರಿನಲ್ಲಿ ಜನ ಕೋಮಲ್, ಗ್ವಾಡಲೂಪ್ ನದಿಗಳ ಮೇಲೆ ಟ್ಯೂಬಿನಲ್ಲಿ ಕುಳಿತು ಗಂಟೆಗಟ್ಟಲೆ ತೇಲುತ್ತಾರಂತೆ, ಅದಕ್ಕೆ ಟ್ಯೂಬಿಂಗ್ ಎನ್ನುತ್ತಾರಂತೆ, ಐಸ್ ಪೆಟ್ಟಿಗೆಗೂ ಪ್ರತ್ಯೇಕ ಟ್ಯೂಬ್ ಕೊಟ್ಟು ಹಗ್ಗದಿಂದ ಜೊತೆಗೆ ಕಟ್ಟಿಕೊಳ್ಳುತ್ತಾರಂತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದವರು ಬಟ್ಟೆಬರೆಗಳನ್ನು ವಿಕೆಲ್‌ಫಿಶ್ ಎಂಬ, ಮೀನಿನ ಆಕಾರದ, ನೀರು ಹೊಗದ ಚೀಲದಲ್ಲಿ ತುಂಬಿಕೊಂಡು ರೈನ್ ನದಿಗೆ ಇಳಿಯುತ್ತಾರೆಂದೂ ಹೇಳಿದ. (ಆ ಚೀಲದ ಮಹತ್ವ ನನಗೆ ತಿಳಿದದ್ದು ಸಂಜೆಗೆ.)

ಪಂಕ್ಚರ್ ಅಂಗಡಿಯಿಂದ ಟ್ರ್ಯಾಕ್ಟರಿನ ದೊಡ್ಡಗಾಲಿಯ ಟ್ಯೂಬುಗಳನ್ನು ತಂದು, ರೈತರು 1989ರಲ್ಲಿ ತಾವೇ ದುಡ್ಡು ಕೂಡಿಸಿ, ತಾವೇ ದುಡಿದು ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜಿನ ಮೇಲ್ಗಡೆ ನಾವು ನೀರಿಗಿಳಿದೆವು. ಬಿಸಿಲಿಗೆ ಕಾದ ಕರಿ ರಬ್ಬರು ತೊಡೆಯನ್ನು ಸುಡುತ್ತಿತ್ತು, ಗಾಳಿ ತುಂಬುವ ಹಿತ್ತಾಳೆಯ ಮೂತಿ ಪಕ್ಕೆಲುಬಿಗೆ ಒತ್ತುತ್ತಿತ್ತು. ತಣ್ಣಗಿದ್ದದ್ದು ಟ್ಯೂಬಿನ ನಡುವೆ ಮುಳುಗಿದ್ದ ಭಾಗ ಮಾತ್ರ. ಆದರೆ ಬ್ಯಾರೇಜು ಇರುವುದೇ ನೀರನ್ನು ನಿಲ್ಲಿಸುವುದಕ್ಕೆ. ನೀರು ನಿಂತಿತ್ತು, ನಾವೂ ನಿಂತೆವು. ಸ್ವಲ್ಪ ಹೊತ್ತಿಗೆ ಮೂಡಗಾಳಿ ಎದ್ದು, ಆಲಮಟ್ಟಿಯ ಕಡೆಗೆ ಸಾಗಬೇಕಾದ ನಮ್ಮನ್ನು ಮಹಾರಾಷ್ಟ್ರದ ಕಡೆಗೆ ನೂಕತೊಡಗಿತು. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಎದ್ದು ನಿಂತು, “ಯಪ್ಪಾ, ಹೊಳಿ ಹರಿಯೂದು ಆ ಕಡೆ ಅಲ್ಲೋ, ಈ ಕಡೆ” ಎಂದು ಕೈಮಾಡಿ ತೋರಿಸಿದರು.

“ಮಾಮಾ, ಅಲ್ಲಿ ಹಿಂಗ ಆಗೂದಿಲ್ಲ” ಎಂದು ಅಳಿಯ ಮುಖ ಸಣ್ಣದು ಮಾಡಿದ.

ಕೈಯಿಂದ ನೀರು ತಳ್ಳಿ ತಳ್ಳಿ ರಟ್ಟೆ ಸೋತ ಹೊತ್ತಿಗೆ ಎಮ್ಮೆಗಳ ಹಿಂಡೊಂದು ಮೂಗನ್ನಷ್ಟೇ ಮೇಲಿಟ್ಟುಕೊಂಡು ನಮ್ಮ ಪಕ್ಕದಲ್ಲೇ ಹಾಯ್ದು ಹೊರಟಿತು. ಕೊನೆಯ ಎಮ್ಮೆಯ ಬೆನ್ನಿನ ಮೇಲೆ ಕುಳಿತಿದ್ದ ಹುಡುಗ ನಮ್ಮನ್ನು ಕನಿಕರದಿಂದ ನೋಡಿ, “ಬಾಲ ಹಿಡೀರಿ ಕಾಕಾ, ಬಿಡಬ್ಯಾಡ್ರಿ” ಎಂದ. ಹಿಡಿದೆವು. ಅಷ್ಟು ಸುಗಮವಾದ ಜಲಪ್ರಯಾಣವನ್ನು ಯಾವ ಟೆಕ್ಸಾಸಿನವನೂ ಮಾಡಿರಲಾರ; ಎಮ್ಮೆಗಳ ಕೊಟ್ಟಿಗೆ ಆಚೆ ದಂಡೆಗೆ, ನಮ್ಮ ಅಂಗಿ, ಪ್ಯಾಂಟು, ಚಪ್ಪಲಿ, ಮೊಬೈಲುಗಳು ಈಚೆ ದಂಡೆಗೆ ಇದ್ದದ್ದಷ್ಟೇ ಕೊರತೆ.

ಒದ್ದೆ ಚಡ್ಡಿಯಲ್ಲಿ, ಹೆಗಲಿಗೊಂದು ಟ್ಯೂಬ್ ಹಾಕಿಕೊಂಡು, ಬರಿಗಾಲಿನಲ್ಲಿ ಬ್ಯಾರೇಜಿನ ಹಾದಿ ಹಿಡಿದು ಹೊರಟಾಗ, ಕಬ್ಬಿನ ಗದ್ದೆಯ ಕಡೆಯಿಂದ ಬಂದ ಸೈಕಲ್ಲಿನವನು ನಮ್ಮ ಮುಂದೆ ಬ್ರೇಕ್ ಹಿಡಿದು ಕಾಳಜಿಯಿಂದ ಕೇಳಿದ:

“ಟ್ರ್ಯಾಕ್ಟರ್ ಎಲ್ಲಿ ಪಂಕ್ಚರ್ ಆತ್ರಿ, ಅಣ್ಣಾರ?”