ಐವತ್ತೊಂದನೇ ವಾದ್ಯದವನು

ಕಲಬುರಗಿ ಜಿಲ್ಲೆಯ ಚಿತ್ತಾಪುರದಲ್ಲಿ ಪಥಸಂಚಲನಕ್ಕೆ ಎಷ್ಟು ಜನರಿಗೆ ಅನುಮತಿ ಅನ್ನುವ ಲೆಕ್ಕ ನಿಮಗೆಲ್ಲ ಗೊತ್ತೇ ಇದೆ. ನಡೆಯುವವರು 300, ಬ್ಯಾಂಡ್ ಬಾರಿಸುವವರು 50. 2025ರ ಅಕ್ಟೋಬರ್ 19ಕ್ಕೆ ಅಧಿಕಾರಿಗಳು ಬೇಡ ಅಂದ ಆರೆಸ್ಸೆಸ್ ಪಥಸಂಚಲನ, ಆಮೇಲೆ ಹೈಕೋರ್ಟ್, ಶಾಂತಿ ಸಭೆ, ಅದೇ ದಿನ ನಾವೂ ನಡೆಯುತ್ತೇವೆ ಅಂತ ಬೇರೆ ಸಂಘಟನೆಗಳ ಅರ್ಜಿ, ಮತ್ತೆ ಹೈಕೋರ್ಟ್, ಹೀಗೆ ಅಲೆದು ಅಲೆದು ನವೆಂಬರ್ 16ಕ್ಕೆ ಬಂದು ನಿಂತ ಲೆಕ್ಕ ಇದು. ಯಾರು ನಡೆದರು ಅನ್ನುವುದು ನನ್ನ ತಕರಾರಲ್ಲ, ಅವರ ಹಿಂದೆ ನಾನು ಹೋಗುವವನೂ ಅಲ್ಲ. ನನ್ನ ತಲೆ ತಿನ್ನುತ್ತಿರುವುದು ಆ 50. ಐವತ್ತೊಂದನೆಯವನು ಕೊಳಲು ಹಿಡಿದು ಬಂದರೆ ಊರಿನ ಶಾಂತಿ ಕೆಡುತ್ತದೆ ಅಂತ ಯಾವ ಪುಣ್ಯಾತ್ಮ ಕಂಡುಹಿಡಿದನೋ! ಭುಜ ನೋಯುತ್ತದೆ ಅಂತ ಡ್ರಮ್ಮಿನವನು ನಡುದಾರಿಯಲ್ಲಿ ಪಕ್ಕದವನಿಗೆ ಡ್ರಮ್ ದಾಟಿಸಿದರೆ, ನೋಟ್‌ಬುಕ್ ಹಿಡಿದು ನಿಂತ ಪೇದೆ ಯಾವ ಕಾಲಂನಲ್ಲಿ ಗೀಟು ಹೊಡೆಯಬೇಕು?

ನಮ್ಮ ಸರ್ಕಾರಕ್ಕೆ ಗಣಿತ ಬರಲ್ಲ ಅಂತ ಇನ್ನು ಯಾರೂ ಅನ್ನಬಾರದು. ಅದೇ ಅಕ್ಟೋಬರಿನಲ್ಲಿ ಇನ್ನೊಂದು ಆದೇಶ ಬಂತಲ್ಲ. ಸರ್ಕಾರಿ ಜಾಗದಲ್ಲಿ, ಅಂದರೆ ರಸ್ತೆ, ಪಾರ್ಕು, ಮೈದಾನದಲ್ಲಿ ಅನುಮತಿ ಇಲ್ಲದೆ 10ಕ್ಕಿಂತ ಜಾಸ್ತಿ ಜನ ಸೇರಿದರೆ ಅಕ್ರಮ ಅಂತ. ಹೈಕೋರ್ಟಿನ ಧಾರವಾಡ ಪೀಠ ತಡೆ ಕೊಟ್ಟಿತು. ಸರ್ಕಾರ ಮೇಲ್ಮನವಿಗೆ ಹೋಗಿ ಅಲ್ಲೂ ಬೈಸಿಕೊಂಡ ಮುಖ ಮಾಡಿಕೊಂಡು ಬಂತು. ಬ್ರಿಟಿಷರ ಕಾಲದ ಕಾನೂನಿನಲ್ಲೂ ಐದು ಜನ ಸೇರಿದ ಮಾತ್ರಕ್ಕೆ ಅಕ್ರಮ ಕೂಟ ಆಗುತ್ತಿರಲಿಲ್ಲ, ಕೆಟ್ಟ ಉದ್ದೇಶ ಇರಬೇಕಿತ್ತು. ನಮ್ಮವರು ಉದ್ದೇಶದ ಗೊಡವೆಗೇ ಹೋಗಲಿಲ್ಲ, ತಲೆ ಎಣಿಸಿದರೆ ಕೆಲಸ ಮುಗಿಯಿತು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸಂಜೆ ಮಿರ್ಚಿ ಬಂಡಿ ಮುಂದೆ ಹತ್ತೇ ಜನ ಇರುವ ಹೊತ್ತು ಯಾವುದು ಹೇಳಿ ನೋಡೋಣ. ಹನ್ನೊಂದನೆಯವನು ಬಂದು "ನನಗೊಂದ್ ಪ್ಲೇಟ್ ಹಾಕ್ರಿ" ಅಂದ ಕೂಡಲೇ ಬಾಣಲೆ ಸಮೇತ ಎಲ್ಲರೂ ಠಾಣೆಗೆ.

ತಮಾಷೆ ಏನೆಂದರೆ, ಜನಜಂಗುಳಿ ಸಂಭಾಳಿಸುವುದು ನಮ್ಮ ಪೊಲೀಸರಿಗೆ ಬಹಳ ಚೆನ್ನಾಗಿ ಬರುತ್ತದೆ. ಹೋಳಿ ಆದ ಮೇಲೆ ಶರಣಬಸವೇಶ್ವರರ ತೇರು ಎಳೆಯುವ ದಿನ ಹೋಗಿ ನೋಡಿ. ಬಂದೇನವಾಜರ ಉರುಸಿಗೆ ಹೋಗಿ ನೋಡಿ. ಕಾಲಿಡಲು ಜಾಗ ಇರಲ್ಲ, ಉತ್ತತ್ತಿ ಬಾಳೆಹಣ್ಣು ತಲೆ ಮೇಲೆ ಹಾರುತ್ತಿರುತ್ತವೆ. ಅಲ್ಲಿ ಇವರೇ ಅಜ್ಜಿಯ ಕೈ ಹಿಡಿದು ದಾಟಿಸುತ್ತಾರೆ, ತಪ್ಪಿಸಿಕೊಂಡ ಮಗುವಿನ ಹೆಸರನ್ನು ಮೈಕಿನಲ್ಲಿ ಕೂಗಿಸುತ್ತಾರೆ. ಯಾರೂ 300 ಅಂತ ಎಣಿಸುವುದಿಲ್ಲ. ಜನರ ಕೈಯಲ್ಲಿ ಬಾಳೆಹಣ್ಣಿನ ಬದಲು ಮನವಿ ಪತ್ರ ಇದ್ದ ದಿನ ಮಾತ್ರ ಈ ವಿದ್ಯೆಯೆಲ್ಲ ಮರೆತುಹೋಗುತ್ತದೆ.

ಬೆಂಗಳೂರಿನವರು ಇನ್ನೂ ಅದೃಷ್ಟವಂತರು. ಅಲ್ಲಿ 2021ರಿಂದ ಪ್ರತಿಭಟನೆಗೆ ಒಂದೇ ಜಾಗ, ಫ್ರೀಡಂ ಪಾರ್ಕ್. ಅದು ಹಳೇ ಸೆಂಟ್ರಲ್ ಜೈಲು. ಹಿಡಿದು ಒಳಗೆ ಹಾಕುವ ಖರ್ಚೇ ಇಲ್ಲ, ಜನ ತಾವೇ ನಡೆದುಕೊಂಡು ಹೋಗುತ್ತಾರೆ. ನಮ್ಮ ಕಡೆ ಅಷ್ಟು ಮುಂದುವರಿದಿಲ್ಲ. ಇಲ್ಲಿ ಇನ್ನೂ ಜಗತ್ ವೃತ್ತದಿಂದ ಡಿಸಿ ಆಫೀಸಿನವರೆಗೆ ಮೆರವಣಿಗೆ, ಗೇಟಿಗೆ ಹಗ್ಗ, ಬ್ಯಾರಿಕೇಡು, ಹಿಂದೆ ಬಾಯಿ ತೆರೆದು ನಿಂತ ಖಾಲಿ ಬಸ್ಸು. ಎಷ್ಟೋ ಸಲ ಕೂಗುವವರಿಗಿಂತ ಕಾಯುವವರೇ ಜಾಸ್ತಿ. ಸುಮ್ನೆ ಔಷಧಿ ತರಲು ಹೊರಟವನೂ ಈ ಕಡೆಯೇ ನಿಲ್ಲಬೇಕು. "ಹಾದಿ ಬಂದ್ ಅದ, ಸುತ್ತ್ ಹಾಕಿ ಹೋಗ್ರಿ" ಅಂದರೆ ಹೋಗುತ್ತೇವೆ. ಅದಕ್ಕೂ ಒಂದು ಕೇಸು ಹಾಕಬಹುದು ಅಂತ ನಮಗೆ ಹೊಳೆಯುವುದೇ ಇಲ್ಲ.

ಲಂಡನ್ನಿನವರಿಗೆ ಹೊಳೆಯಿತು. 2001ರ ಮೇ 1ರಂದು ಆಕ್ಸ್‌ಫರ್ಡ್ ಸರ್ಕಸ್ ಅನ್ನುವ ಕಡೆ ಪೊಲೀಸರು ಸಾವಿರಾರು ಜನರನ್ನು ಸುತ್ತುಗಟ್ಟಿ ಹತ್ತಿರಹತ್ತಿರ ಏಳು ಗಂಟೆ ನಿಲ್ಲಿಸಿಬಿಟ್ಟರು. ಒಬ್ಬ ಹೆಣ್ಣುಮಗಳಿಗೆ ಮನೆಯಲ್ಲಿ 11 ತಿಂಗಳ ಕೂಸು. ಊಟದ ಬಿಡುವಿಗೆ ಆಫೀಸಿನಿಂದ ಹೊರಬಂದವರು, ಪುಸ್ತಕದ ಅಂಗಡಿಗೆ ಹೊರಟಿದ್ದವನು, ಎಲ್ಲರೂ ಒಳಗೆ. ಕೇಸು ಯುರೋಪಿನ ಮಾನವ ಹಕ್ಕುಗಳ ಕೋರ್ಟಿನ ತನಕ ಹೋಯಿತು. 2012ರಲ್ಲಿ 14 ಜಡ್ಜ್‌ಗಳು ಇದರಲ್ಲಿ ಯಾರ ಸ್ವಾತಂತ್ರ್ಯವೂ ಹೋಗಿಲ್ಲ ಅಂದರು, ಮೂವರು ಒಪ್ಪಲಿಲ್ಲ. ಹೆದ್ದಾರಿಯಲ್ಲಿ, ಫುಟ್‌ಬಾಲ್ ಮ್ಯಾಚಿನಲ್ಲಿ ಜನ ಹೀಗೆ ಸಿಕ್ಕಿಕೊಳ್ಳುವುದು ಸಾಮಾನ್ಯ ಅಲ್ವಾ ಅನ್ನುವ ಮಾತೂ ತೀರ್ಪಿನಲ್ಲಿದೆ. ಏಳು ಗಂಟೆಯ ಮ್ಯಾಚು! ಆ 14 ಜನರನ್ನು ಮೇ ತಿಂಗಳ ಮಧ್ಯಾಹ್ನ ನಮ್ಮೂರಿನ ಯಾವುದಾದರೂ ಚೌಕದಲ್ಲಿ ಹಗ್ಗದೊಳಗೆ ಒಂದೇ ಗಂಟೆ ನಿಲ್ಲಿಸಬೇಕು. ತೀರ್ಪು ಅಲ್ಲೇ ಬದಲಾಗುತ್ತದೆ.

ಆದರೂ ಅಲ್ಲಿ ವಾದ ಆಯಿತು. ಇಲ್ಲಿ ಮರುದಿನದ ಪೇಪರಿನಲ್ಲಿ ಒಂದು ಸಾಲು: ಪ್ರತಿಭಟನಾಕಾರರನ್ನು ವಶಕ್ಕೆ ಪಡೆದು ನಂತರ ಬಿಡುಗಡೆ ಮಾಡಲಾಯಿತು. ಲೀಡರುಗಳಿಗೆ ಇದೊಂದು ಹಬ್ಬ. ಬಸ್ಸಿನ ಕಿಟಕಿಯಲ್ಲಿ ಕೈ ಬೀಸುವ ಫೋಟೊ, ಒಳಗೆ ಚಹಾ, ಸಂಜೆ ಮನೆ. ಪೊಲೀಸರಿಗೂ ಸುಖ. ಬಂಧಿಸಿದೆವು ಅಂದರೆ ಕಾರಣ ಹೇಳಬೇಕು, ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಸಂಜೆ ಬಿಟ್ಟರೆ ಇದ್ಯಾವುದೂ ಬೇಡ. ಒಂದು ಇಡೀ ದಿನ ಯಾವ ಪುಸ್ತಕದಲ್ಲೂ ಇಲ್ಲದ ಹಾಗೆ ಕಳೆದುಹೋಗುತ್ತದೆ. ಎಷ್ಟು ಚೊಕ್ಕ ಕೆಲಸ ನೋಡಿ.

ಸಾಕಾಗಿದೆ ಮಾರಾಯ್ರೆ. ನಗುವುದಕ್ಕೂ ಬೇಜಾರಾಗುತ್ತಿದೆ. 300ಕ್ಕೋ 50ಕ್ಕೋ ಹೈಕೋರ್ಟಿನಲ್ಲಿ ಚೌಕಾಸಿ ಮಾಡಲು ದೊಡ್ಡ ಸಂಘಟನೆಗೆ ವಕೀಲರಿದ್ದಾರೆ. ಅಷ್ಟು ದೊಡ್ಡವರಿಗೇ ನಾಲ್ಕು ವಾರ ಬೇಕಾಯಿತು. ಮಳೆಗೆ ತೊಗರಿ ಕೊಳೆತವನಿಗೆ, 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಅಂತ ಪೇಪರಿನಲ್ಲಿ ಓದಿ ಅದಕ್ಕಿಂತ ಕಡಿಮೆಗೆ ಮಾರಿ ಬಂದವನಿಗೆ, ತಿಂಗಳ ಗೌರವಧನ ಕೇಳಲು ಬಂದ ಅಂಗನವಾಡಿ ಅಕ್ಕನಿಗೆ ಯಾರಿದ್ದಾರೆ? ಆಕೆ ಕಲ್ಲು ತಂದಿಲ್ಲ, ಕೋಲು ತಂದಿಲ್ಲ, ಬುತ್ತಿ ಕಟ್ಟಿಕೊಂಡು ಬಂದಿದ್ದಾಳೆ. ಆಯುಧ ಇಲ್ಲದೆ ಶಾಂತಿಯಿಂದ ಸೇರಬಹುದು ಅಂತ ಸಂವಿಧಾನದ 19ನೇ ವಿಧಿ ಆಕೆಗೇ ಹೇಳಿದ್ದು. ಆಕೆಯನ್ನು ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿ, ಊರಾಚೆ ಯಾವುದೋ ಮೈದಾನದಲ್ಲಿ ಕೂಡಿಸಿ, ಚಿಂಚೋಳಿಯ ಕಡೇ ಬಸ್ಸು ಹೋದ ಮೇಲೆ "ಇನ್ ಹೋಗವ್ವ" ಅಂದರೆ ಆಕೆ ರಾತ್ರಿ ಎಲ್ಲಿ ಮಲಗಬೇಕು? ಇಷ್ಟೊಂದು ಆದೇಶ ಹೊರಡಿಸುತ್ತೀರಲ್ಲ, ಅದನ್ನು ಯಾವುದರಲ್ಲಿ ಬರೆದಿದ್ದೀರಿ ತೋರಿಸಿ.